ದೀಪ ಹಚ್ಚಿದ ಮೇಲೆ ತೋರಿಸಿದ ಚಿತ್ರ

ಇಪ್ಪತ್ತಾರು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಚಿತ್ರ ತೋರಿಸುವುದು, "ಇದೇನು?" ಎಂದು ಕೇಳುವುದು, ಹೇಳಿದ್ದನ್ನು ಬರೆದುಕೊಳ್ಳುವುದು. ನನ್ನ ಭಾವ ಬದುಕಿರುವವರೆಗೂ ಇದನ್ನು ಕೆಲಸ ಅಂತ ಒಪ್ಪಲಿಲ್ಲ. "ಎಮ್ಮೆ ಚಿತ್ರ ತೋರ್ಸಿ ಎಮ್ಮೆ ಅಂತ ಹೇಳಿಸ್ಕಂಡು ಬರದಕ್ಕೆ ನಿಂಗೆ ಸಂಬಳ ಕೊಡ್ತಾರಲ್ಲ ಮಾರಾಯ್ತಿ, ಅದನ್ನ ಎಮ್ಮೆಗೇ ಹಿಂಡಿ ತಂದು ಹಾಕಿದ್ರೆ ಹಾಲಾದ್ರೂ ಕೊಡ್ತಿತ್ತು" ಎಂದು ಊಟಕ್ಕೆ ಕೂತಾಗಲೆಲ್ಲ ಕಿಚಾಯಿಸುತ್ತಿದ್ದರು.

ಈಗ ನಿವೃತ್ತಳಾಗಿ ಎನ್.ಆರ್.ಪುರದ ಮನೆಯಲ್ಲಿ ಕೂತಿದ್ದೇನೆ. ನನ್ನ ಜಾಗಕ್ಕೆ ಸೇರಿಕೊಂಡ ಇಬ್ಬರು ಹುಡುಗಿಯರು ಮೊನ್ನೆ ಬಂದು, "ಮೇಡಂ, ಫೀಲ್ಡಿಗೆ ಹೋಗುವಾಗ ಏನೇನು ನೋಡಿಕೊಳ್ಳಬೇಕು ಒಂದಿಷ್ಟು ಬರೆದುಕೊಡಿ" ಅಂದರು. ಕೊಡುತ್ತೇನೆ ಅಂದೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ಶಾಲು ಹೊದೆಸಿದರು ಅನ್ನುವುದನ್ನೆಲ್ಲ ಇಲ್ಲಿ ಹುಡುಕಬೇಡಿ. ಆ ಶಾಲಿನ ಮೇಲೆ ಈಗ ಬೆಕ್ಕು ಮಲಗುತ್ತದೆ. ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಗೆರೆಯಲ್ಲಿ ಬರೆದ ಕಪ್ಪು ಬಿಳುಪಿನ ಚಿತ್ರಗಳ ಒಂದು ಕಂತೆ. ಅದೇ ಕಂತೆಯನ್ನು ತಮಿಳಿನವರೂ ತೋರಿಸುತ್ತಾರೆ, ತುಳುವಿನವರೂ ತೋರಿಸುತ್ತಾರೆ, ನಾವು ಹೆಸರೂ ಕೇಳದ ದೂರದ ಭಾಷೆಗಳವರೂ ತೋರಿಸುತ್ತಾರೆ. ಯಾವ ಚಿತ್ರಕ್ಕೆ ಎಷ್ಟು ಜನ ಯಾವ ಹೆಸರು ಹೇಳುತ್ತಾರೆ, ಎಷ್ಟು ಬೇಗ ಹೇಳುತ್ತಾರೆ ಎಂದು ಬರೆದಿಟ್ಟು, ಎಲ್ಲರೂ ಹಂಚಿಕೊಂಡು ಬಳಸುವ ಹಾಗೆ ಭಾಷೆಗೊಂದು ಪಟ್ಟಿ ಮಾಡುತ್ತಾರೆ. ಮುಂದೆ ಲಕ್ವ ಹೊಡೆದು ಮಾತು ಬಿದ್ದವರಿಗೆ, ಮಾತು ತಡವಾದ ಮಕ್ಕಳಿಗೆ ಅದೇ ಚಿತ್ರ ತೋರಿಸಿ, ಎಷ್ಟು ಮಾತು ಉಳಿದಿದೆ ಎಂದು ಅಳೆಯುತ್ತಾರೆ. ಪಟ್ಟಿಯಲ್ಲಿದ್ದ ಹೆಸರು ಹೇಳಿದರೆ ಸರಿ, ಇಲ್ಲದ್ದು ಹೇಳಿದರೆ ತಪ್ಪು. ಈ ಕೊನೆಯ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಈ ಮೂರು ತಾಲ್ಲೂಕು ನನ್ನ ಪಾಲಿಗೆ ಬಂದವು, ನಾನು ಈ ಕಡೆಯವಳೇ ಅಂತ. ಚೀಲದಲ್ಲಿ ಚಿತ್ರದ ಕಂತೆ, ಒಂದು ಟೇಪ್ ರೆಕಾರ್ಡರು, ಫಾರಮ್ಮುಗಳು. ಹೋದ ಕಡೆಯೆಲ್ಲ ಜನ ನನ್ನನ್ನು ಅಕ್ಕೋರೇ ಅಂತ ಕರೆದರು. ಒಂದು ದಿನವೂ ಪಾಠ ಮಾಡಿದವಳಲ್ಲ ನಾನು. ಆದರೆ ಚಿತ್ರ ತೋರಿಸಿ ಪ್ರಶ್ನೆ ಕೇಳಿದವರು ಅಕ್ಕೋರಾಗದೆ ಮತ್ಯಾರು? ಕೇಳಿದ ಕೂಡಲೇ ಅರವತ್ತು ವರ್ಷದ ಗಂಡಸರೂ ಸೆರಗು ಸರಿಮಾಡಿಕೊಳ್ಳುವ ಹೆಂಗಸರೂ ಮೊದಲನೇ ಕ್ಲಾಸಿನ ಮಕ್ಕಳ ಹಾಗೆ ನನ್ನ ಮುಖ ನೋಡುತ್ತಿದ್ದರು. ಆ ಭಯವನ್ನು ನಾನು ಗೌರವ ಅಂದುಕೊಂಡಿದ್ದೆ.

ಮೊದಲ ಕಂತೆ ಹೊರದೇಶದಲ್ಲಿ ಬರೆದದ್ದು. ಅದರಲ್ಲಿ ಹಿಮದಲ್ಲಿ ಮಾಡಿದ ಬೊಂಬೆಯ ಚಿತ್ರ ಒಂದಿತ್ತು, ತಲೆಗೆ ಟೋಪಿ, ಕುತ್ತಿಗೆಗೆ ಬಟ್ಟೆ. ಶೃಂಗೇರಿಯಲ್ಲಿ ಹೂವು ಕಟ್ಟಿ ಮಾರುತ್ತಿದ್ದ ಒಬ್ಬಾಕೆಗೆ ತೋರಿಸಿದೆ. ಒಂದು ಗಳಿಗೆಯೂ ತಡ ಮಾಡಲಿಲ್ಲ. "ಬೆರ್ಚಪ್ಪ. ಯಾರ ಗದ್ದೇದು ಅಕ್ಕೋರೆ ಇದು? ಸಿಕ್ಕಾಪಟ್ಟೆ ಹುಲ್ಲು ತುಂಬಿದಾರಲ್ಲ!" ಇನ್ನೊಂದು ಚಿತ್ರ, ನನಗೂ ಹೆಸರು ಗೊತ್ತಿಲ್ಲದ ಯಾವುದೋ ಸೀಮೆಯ ತರಕಾರಿ. ಅದನ್ನು ಕಳಲೆ ಅಂದಳು, ಬಿದಿರಿನ ಎಳೆ ಮೊಳಕೆ. ಅಷ್ಟಕ್ಕೆ ಬಿಡದೆ, ಕಳಲೆಯನ್ನು ನೀರಲ್ಲಿ ಎಷ್ಟು ದಿನ ಇಡಬೇಕು, ಯಾವ ಕಾಳು ಹಾಕಿ ಪಲ್ಯ ಮಾಡಬೇಕು ಅಂತ ಪೂರ್ತಿ ಹೇಳಿಕೊಟ್ಟಳು. ಟೇಪಿನಲ್ಲಿ ಅದೆಲ್ಲ ಇದೆ.

ಆಮೇಲೆ ಲ್ಯಾಪ್‌ಟಾಪ್ ಬಂತು. ಚಿತ್ರ ಕಂಡ ಕ್ಷಣದಿಂದ ಬಾಯಿಂದ ದನಿ ಹೊರಡುವವರೆಗೆ ಎಷ್ಟು ಹೊತ್ತಾಯಿತು ಅಂತ ಅದೇ ಅಳೆಯುತ್ತದೆ ಅಂದರು. ನಮ್ಮ ಕಡೆಯ ಜನ ಏನನ್ನಾದರೂ ನೇರ ಹೇಳಿದ್ದುಂಟಾ? "ಓ... ಇದಾ..." ಅಂತ ಶುರುಮಾಡಿ, ಒಂದು ಸಲ ಎಲೆಯಡಿಕೆ ಉಗುಳಿ ಬಂದು, ಆಮೇಲೆ ಹೆಸರು. ಮೆಷಿನ್ನು ಆ "ಓ"ಗೇ ನಿಂತುಬಿಡುತ್ತಿತ್ತು. ಅದರ ಲೆಕ್ಕದಲ್ಲಿ ಈ ಮೂರು ತಾಲ್ಲೂಕಿನವರು ಲೋಕದಲ್ಲೇ ಚುರುಕು.

ಆಫೀಸಿನಲ್ಲಿ ನನ್ನ ಮೇಲಿನವರು ವಸುಧಾ ಮೇಡಂ ಅಂತ. ಬೇರೆ ಕಡೆಯಿಂದ ಬಂದವರು, ಕನ್ನಡ ಕಲಿತು ಮಾತಾಡುತ್ತಿದ್ದರು. ಗಟ್ಟಿ ಹೆಂಗಸು, ಕೋಪ ಬಂದರೆ ಫೈಲು ಮೇಜಿನ ಮೇಲೆ ಕುಕ್ಕುತ್ತಿದ್ದರು. ಆದರೆ ತಪ್ಪು ಮಾಡಿ ಬಂದು ಹೇಳಿದರೆ ಒಂದು ಮಾತೂ ಬೈಯುತ್ತಿರಲಿಲ್ಲ. ಸೀತೂರಿನ ಒಂದು ಮನೆಯಲ್ಲಿ ಹೀಗಾಯಿತು. ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳಬೇಕು ಅನ್ನುವುದು ನಿಯಮ. ಆ ಮನೆಯ ಯಜಮಾನರು, "ಒಬ್ನೇ ಕೂತ್ಕಂಡು ಉತ್ತರ ಹೇಳಕ್ಕೆ ಇದೇನು ಕೋರ್ಟಾ?" ಎಂದು ಮನೆಮಂದಿಯನ್ನೆಲ್ಲ ಜಗಲಿಗೆ ಕರೆದರು. ಒಂದೊಂದು ಚಿತ್ರಕ್ಕೂ ಒಳಗಿದ್ದ ಹೆಂಡತಿಗೆ ಕೂಗಿ, "ಏ, ಇದಕ್ಕೆ ಎಂತ ಹೇಳದೇ ನಾವು?" ಎಂದು ಕೇಳಿ, ಚರ್ಚೆ ಆಗಿ, ತೀರ್ಮಾನ ಆಗಿ, ಏಳೂ ಜನ ಒಂದೇ ಉತ್ತರ ಹೇಳಿದರು. ನಾನು ಏಳು ಫಾರಮ್ಮಿನಲ್ಲಿ ಬರೆದು ಕಳಿಸಿದೆ.

ಮೇಡಂ ನೋಡಿ ಬೆರಗಾದರು. "ಇಷ್ಟು ಒಮ್ಮತ ನಾನು ಯಾವ ಭಾಷೆಯಲ್ಲೂ ನೋಡಿಲ್ಲ ಕಣಮ್ಮ" ಅಂದರು. ನನಗೆ ತಡೆಯಲಾಗಲಿಲ್ಲ, ನಡೆದದ್ದು ಹೇಳಿಬಿಟ್ಟೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕಾದ ಮೇಲೆ ಆ ಏಳೂ ಫಾರಮ್ಮನ್ನು ಹರಿದು ಹಾಕಿ, "ಮತ್ತೆ ಹೋಗು. ನಿನಗೆ ಗೊತ್ತಿರೋದು ಬರೀಬೇಡ, ಅವರು ಏನು ಹೇಳಿದರೋ ಅದನ್ನ ಬರಿ. ಯಾಕೆ ಹಾಗೆ ಹೇಳಿದರು ಅನ್ನೋದನ್ನೂ ಪಕ್ಕದಲ್ಲಿ ಬರಿ" ಅಂದರು. ಅಷ್ಟೇ. ಅಂಥವರ ಹತ್ತಿರ ಮುಂದೆ ನಾನು ಸುಳ್ಳು ಹೇಳಿದೆ ಅನ್ನುವುದು ಈಗಲೂ ನನ್ನನ್ನು ಚುಚ್ಚುತ್ತದೆ.

ಅದು ಬಸರೀಕಟ್ಟೆಯ ಎಸ್ಟೇಟ್ ಲೈನಿನಲ್ಲಿ, ಕೂಲಿಯವರ ಸಾಲುಮನೆಗಳಲ್ಲಿ. ಓದಿದವರ, ಪೇಟೆಯವರ ಮಾತು ಮಾತ್ರ ಆದರೆ ಸಾಲದು, ಕೂಲಿಗೆ ಹೋಗುವವರ ಮಾತೂ ಬೇಕು ಅಂದಿದ್ದರು ಮೇಡಂ. ಸರಿ. ಆದರೆ ಆ ಜನ ಹಗಲು ಎಲ್ಲಿ ಸಿಗುತ್ತಾರೆ? ಬೆಳಿಗ್ಗೆ ತೋಟಕ್ಕೆ ಹೋದವರು ಬರುವುದು ಸಂಜೆ. ಬಂದು, ಕೈಕಾಲು ತೊಳೆದು, ದೇವರ ಪಟದ ಮುಂದೆ ದೀಪ ಹಚ್ಚಿದ ಮೇಲೆ ಚೂರು ಪುರಸೊತ್ತು. ಆ ಹೊತ್ತಿಗೆ ನಾನು ಚಿತ್ರದ ಕಂತೆ ಬಿಚ್ಚುತ್ತಿದ್ದೆ.

ಲೈನಿನ ಕೊನೆಯ ಮನೆ ಲಕ್ಕಮ್ಮನದು. ನನ್ನದೇ ವಯಸ್ಸು ಇರಬೇಕು. ಬಾಯಿ ಅಂದರೆ ಬಾಯಿ! ಕಾಫಿ ಕುಯ್ಯುವಾಗ ಅವಳ ಸಾಲಿನಲ್ಲಿ ಕೆಲಸ ಸಿಗಲಿ ಅಂತ ಹೆಂಗಸರು ಕಾಯುತ್ತಿದ್ದರಂತೆ, ಅವಳ ಮಾತು ಕೇಳುತ್ತಿದ್ದರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ ಅಂತ. ಚಿತ್ರ ಎತ್ತುವುದೇ ತಡ, ಉತ್ತರ ಬರುತ್ತಿತ್ತು. ಬುಟ್ಟಿಯ ಚಿತ್ರಕ್ಕೆ "ಕುಕ್ಕೆ". ಚಾಕುವಿನ ಚಿತ್ರಕ್ಕೆ "ಕತ್ತಿ". ಮದುವೆಯಾಗದ ಮಗಳು ಗಿರಿಜಾ ಪಕ್ಕದಲ್ಲಿ ಕೂತು ನಗುತ್ತಿದ್ದಳು.

ಹಾವಿನ ಚಿತ್ರ ಎತ್ತಿದೆ. ಲಕ್ಕಮ್ಮ ಬಾಯಿ ಮುಚ್ಚಿದಳು.

"ಹೇಳು, ಇದೇನು?"

ಅವಳು ಕೈ ಎತ್ತಿ ಉರಿಯುತ್ತಿದ್ದ ದೀಪದ ಕಡೆ ತೋರಿಸಿದಳು. ದೀಪ ಹಚ್ಚಿ ಆಗಿದೆ, ಈಗ ಅದರ ಹೆಸರು ಹಿಡಿಯಬಾರದು ಅಂತ. ನನಗೆ ಗೊತ್ತಿಲ್ಲವೇ? ನನ್ನ ಅಮ್ಮನೂ ಸಂಜೆಯ ಮೇಲೆ ಹಾವು ಅಂದವಳಲ್ಲ, ಹೇಳಲೇಬೇಕಾದರೆ ಹುಳ ಅನ್ನುತ್ತಿದ್ದಳು. ಉಪ್ಪು, ಸೂಜಿ ಇವುಗಳ ಹೆಸರನ್ನೂ ಹಿಡಿಯುತ್ತಿರಲಿಲ್ಲ. ಆದರೂ ನಾನು ಆಫೀಸಿನವಳಲ್ಲವೇ!

"ಬರೀ ಚಿತ್ರ ಮಾರಾಯ್ತಿ. ಚಿತ್ರ ಏನು ಕಚ್ಚುತ್ತದಾ? ಹೇಳು."

"ಹಂಗಾರೆ ನೀವೇ ಹೇಳಿ ಅಕ್ಕೋರೆ, ಕೇಳನ" ಅಂದಳು ಲಕ್ಕಮ್ಮ.

ಹೇಳಲು ಬಾಯಿ ತೆರೆದೆ. ನಾಲಿಗೆ ಏಳಲಿಲ್ಲ. ಡಿಗ್ರಿ ಓದಿದವಳು, ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತವಳು, ಆ ದೀಪದ ಎದುರು ಎರಡಕ್ಷರ ಹೇಳಲಾರದೆ ಕೂತೆ. ಲಕ್ಕಮ್ಮ ನಕ್ಕಳು, ಗಿರಿಜಾ ನಕ್ಕಳು, ನಾನೂ ನಕ್ಕು ಚಿತ್ರ ಮಗುಚಿ ಹಾಕಿದೆ. ಫಾರಮ್ಮಿನಲ್ಲಿ ಹಾವಿನ ಎದುರು "ಗೊತ್ತಿಲ್ಲ" ಅಂತ ಬರೆದೆ.

ಲೈನಿನ ಬೇರೆ ಮನೆಗಳಲ್ಲಿ ಕೆಲವರು ಹುಳ ಅಂದರು, ಕೆಲವರು ಸುಮ್ಮನೆ ಕೂತರು. ಎಲ್ಲರಿಗೂ "ತಪ್ಪು", "ಗೊತ್ತಿಲ್ಲ". ಉಪ್ಪಿನ ಚಿತ್ರಕ್ಕೂ ಸೂಜಿಯ ಚಿತ್ರಕ್ಕೂ ಹಾಗೇ. ಅಷ್ಟಕ್ಕೇ ನಿಲ್ಲಲಿಲ್ಲ. ಕುಕ್ಕೆ, ಕತ್ತಿ ಅಂದಿದ್ದನ್ನೂ ಹೊಡೆದುಹಾಕಿ ಬುಟ್ಟಿ, ಚಾಕು ಅಂತ ತಿದ್ದಿದೆ. ಯಾರೂ ನನಗೆ ತಿದ್ದು ಅಂದಿರಲಿಲ್ಲ. ಎಷ್ಟೋ ದೇಶದವರು ನೋಡುವ ಪಟ್ಟಿ, ಅದರಲ್ಲಿ ನಮ್ಮ ಜನ ಸರಿಯಾದ ಕನ್ನಡ ಬರದವರ ಹಾಗೆ, ಹಾವಿನ ಹೆಸರಿಗೆ ಹೆದರುವ ಮೌಢ್ಯದವರ ಹಾಗೆ ಕಾಣಬಾರದು ಅಂತ. ಮರ್ಯಾದೆ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ನಾಚಿಕೆಪಟ್ಟಿದ್ದು ನಾನು, ಅವರಲ್ಲ.

ಮೇಡಂ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಕರೆಸಿ ಕೇಳಿದರು. "ಹಾವಿನ ಚಿತ್ರಕ್ಕೆ ಇಷ್ಟು ಜನ ಗೊತ್ತಿಲ್ಲ ಅಂದಿದ್ದಾರಲ್ಲ. ನಿಮ್ಮ ಕಡೆ ಹಾವೇ ಇಲ್ಲವೇನಮ್ಮ?"

ಒಂದೇ ಮಾತು ಸಾಕಿತ್ತು. "ಮೇಡಂ, ದೀಪ ಹಚ್ಚಿದ ಮೇಲೆ ಹೇಳುವುದಿಲ್ಲ." ಸೀತೂರಿನ ವಿಷಯಕ್ಕೆ ನಕ್ಕ ಹಾಗೆ ನಕ್ಕು, ಖುಷಿಪಟ್ಟು, ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದರು. ನಾನು ಹೇಳಿದ್ದೇನು ಗೊತ್ತೇ? "ಚಿತ್ರ ಸರಿ ಇಲ್ಲ ಮೇಡಂ. ಹಗ್ಗದ ಥರ ಕಾಣುತ್ತದೆ."

ಪಾಪ, ನಂಬಿದರು. ಚಿತ್ರಗಾರರನ್ನು ಕರೆಸಿ, ಹೆಡೆ ಎತ್ತಿದ ಹಾವು ಬರೆಸಿದರು. ಹೊಸ ಚಿತ್ರ ಹಿಡಿದುಕೊಂಡು ನಾನು ಬಸರೀಕಟ್ಟೆಗೆ ಹೋಗಲಿಲ್ಲ. ಕೊಪ್ಪದಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆಗೆ ಕಾಲೇಜು ಹುಡುಗರನ್ನು ಕೂರಿಸಿ ತೋರಿಸಿದೆ. ಎಲ್ಲರೂ "ಹಾವು" ಅಂದರು. ಪಟ್ಟಿ ಪಕ್ಕಾ ಆಯಿತು. ಹಾವಿನ ಎದುರು ಒಂದೇ ಹೆಸರು, ಬುಟ್ಟಿಯ ಎದುರು ಒಂದೇ ಹೆಸರು. "ಚೊಕ್ಕ ಕೆಲಸ" ಎಂದು ಮೇಡಂ ನನ್ನ ಬೆನ್ನು ತಟ್ಟಿದರು. ಅವರು ತೀರಿಕೊಂಡಾಗ ಹೋಗಿ ನೋಡಿ ಬಂದೆ, ಅವರ ಮುಖ ನೋಡಿದಾಗಲೂ ಆ ಹಗ್ಗದ ಮಾತೇ ನೆನಪಾಯಿತು.

ವರ್ಷಗಳು ಹೋದವು. ನಾನು ನಿವೃತ್ತಳಾದೆ. ಹೋದ ವರ್ಷ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಯಾರೋ "ಅಕ್ಕೋರೇ" ಅಂದರು. ಗಿರಿಜಾ. ತಲೆಯಲ್ಲಿ ಬಿಳಿಕೂದಲು ಕಾಣುತ್ತಿತ್ತು.

"ಅಮ್ಮ ಹೆಂಗಿದಾಳೆ?" ಅಂದೆ.

"ಅಮ್ಮಂಗೆ ಲಕ್ವ ಆಗಿ ಎಂಟು ತಿಂಗ್ಳಾಯ್ತು ಅಕ್ಕೋರೆ. ಬಲಗಡೆ ಬಿದ್ದು ಹೋಗಿದೆ. ಮಾತೂ ಇಲ್ಲ, ಬುದ್ಧೀನೂ ಇಲ್ಲ."

"ಬುದ್ಧಿ ಇಲ್ಲ ಅಂತ ಯಾರು ಹೇಳಿದ್ದು?"

"ಪರೀಕ್ಷೆ ಮಾಡಿ ಬರ್ದು ಕೊಟ್ಟಿದಾರಲ್ಲ. ಚಿತ್ರ ತೋರ್ಸಿದ್ರೆ ಒಂದೂ ಗೊತ್ತಾಗದಿಲ್ಲಂತೆ ಅವ್ಳಿಗೆ. ಇವತ್ತೂ ಬರ್ತಾರೆ ಆ ಮೇಡಮ್ಮು. ಇವತ್ತೂ ಹಂಗೇ ಆದ್ರೆ ಇನ್ನು ಬರದು ದಂಡ ಅಂದಿದಾರೆ."

ಚಿತ್ರ ಅಂದ ಕೂಡಲೇ ಎನ್.ಆರ್.ಪುರದ ಬಸ್ಸು ಬಿಟ್ಟು ಅವಳ ಜೊತೆಗೇ ಹೊರಟೆ. ಬಸರೀಕಟ್ಟೆಯಲ್ಲಿ ಇಳಿದು ಜೀಪು ಹತ್ತಿ ಲೈನು ಮುಟ್ಟುವ ಹೊತ್ತಿಗೆ ಹೊತ್ತು ಮುಳುಗಿತ್ತು. ಗಿರಿಜಾ ಹೋದವಳೇ ದೀಪ ಹಚ್ಚಿದಳು.

ಲಕ್ಕಮ್ಮ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಎಡಗಣ್ಣು ಅರಳಿತು. ಸ್ವಲ್ಪ ಹೊತ್ತಿಗೆ ಮಾತಿನ ತರಬೇತಿ ಕೊಡುವ ಹುಡುಗಿ ನಂದಿನಿ ಬಂದಳು. ಮಂಡ್ಯ ಕಡೆಯವಳಂತೆ. ಕೆಟ್ಟವಳಲ್ಲ, ಹಗಲಿಡೀ ಆಸ್ಪತ್ರೆಯಲ್ಲಿ ದುಡಿದು, ಆಮೇಲೆ ಈ ದಾರಿ ಹಿಡಿದು ಬರುವವಳು. ಮನೆಯವರು ಎದುರಿಗಿದ್ದರೆ ಹೇಳಿಕೊಡುತ್ತಾರೆ ಅಂತ ಗಿರಿಜಾಳನ್ನು ಹೊರಗೆ ಕಳಿಸಿ ಟ್ಯಾಬ್ ತೆಗೆದಳು. ಮೊದಲ ಚಿತ್ರ ಕಂಡ ಕೂಡಲೇ ಗೊತ್ತಾಯಿತು, ನಮ್ಮದೇ ಕಂತೆ.

ಬುಟ್ಟಿ. ಲಕ್ಕಮ್ಮನ ಬಾಯಿ ಒಂದು ಕಡೆಗೆ ಎಳೆಯಿತು. "ಕು... ಕುಕ್ಕೆ." ಬೆವರು ಹರಿಸಿ ಹೇಳಿದಳು. ನಂದಿನಿ ಟ್ಯಾಬಿನಲ್ಲಿ ತಪ್ಪು ಒತ್ತಿದಳು.

ಚಾಕು. "ಕ... ಕತ್ತಿ." ತಪ್ಪು.

ಹೆಡೆ ಎತ್ತಿದ ಹಾವು. ನನ್ನ ಸುಳ್ಳಿಗೆ ಹುಟ್ಟಿದ ಹಾವು.

"ಅಜ್ಜಿ, ಇದೇನು ಹೇಳಿ. ನೋಡಿ ಹೇಳಿ, ನಿಧಾನ."

ಲಕ್ಕಮ್ಮ ಬಾಯಿ ಮುಚ್ಚಿದಳು. ಎಡಗೈಯನ್ನು ಮೆಲ್ಲಗೆ ಎತ್ತಿ ದೀಪದ ಕಡೆ ತೋರಿಸಿದಳು.

"ನೋಡಿ ಆಂಟಿ, ಪ್ರತಿ ಸಲವೂ ಹೀಗೇ" ಅಂದಳು ನಂದಿನಿ ನನ್ನ ಕಡೆ ತಿರುಗಿ, ದನಿ ತಗ್ಗಿಸಿ. "ಏನು ತೋರಿಸಿದ್ರೂ ಬೇರೆ ಎಲ್ಲೋ ಕೈ ತೋರಿಸ್ತಾರೆ. ಗಮನವೇ ಇಲ್ಲ." ತಪ್ಪು ಒತ್ತಿದಳು.

ನಾನು ಆ ಹುಡುಗಿಯ ಕೈ ಹಿಡಿದೆ. ಕುಕ್ಕೆ ಅಂದರೆ ಬುಟ್ಟಿ, ಕತ್ತಿ ಅಂದರೆ ನಮ್ಮಲ್ಲಿ ಚಾಕುವೂ ಹೌದು, ದೀಪ ಹಚ್ಚಿದ ಮೇಲೆ ಇಲ್ಲಿಯವರು ಅದರ ಹೆಸರು ಹಿಡಿಯುವುದಿಲ್ಲ, ಅವಳು ಅದನ್ನೇ ಹೇಳುತ್ತಿದ್ದಾಳೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಗಾಬರಿಯಾದಳು.

"ಆದ್ರೆ ಇದು ಈ ಕಡೆಯವರನ್ನೇ ಕೇಳಿ ಮಾಡಿರೋ ಪಟ್ಟಿ ಆಂಟಿ. ಅದರಲ್ಲಿ ಇದು ಯಾವುದೂ ಇಲ್ವಲ್ಲ. ನನ್ನಿಷ್ಟಕ್ಕೆ ನಾನು ಸರಿ ಅಂತ ಹಾಕೋಕಾಗತ್ತಾ?"

"ಒಂದು ಸಲ ಹಗಲು ಹೊತ್ತು ಬಾ ಮಗಾ. ನನಗೋಸ್ಕರ ಬಾ" ಅಂದೆ.

ಭಾನುವಾರ, ತನ್ನ ರಜೆಯ ದಿನ, ಬಂದಳು ಪುಣ್ಯಾತ್ಗಿತ್ತಿ. ಅಂಗಳದಲ್ಲಿ ಬಿಸಿಲು. ಲಕ್ಕಮ್ಮನನ್ನು ಹೊರಗೆ ಕುರ್ಚಿಯ ಮೇಲೆ ಕೂರಿಸಿದ್ದೆವು. ಹಾವಿನ ಚಿತ್ರ ಬಂತು. ಲಕ್ಕಮ್ಮ ಅದನ್ನು ನೋಡಿದಳು, ಆಕಾಶ ನೋಡಿದಳು.

"ಹಾ... ಹಾವು."

ಉಪ್ಪು ಅಂದಳು. ಸೂಜಿಗೆ ತುಂಬ ಹೊತ್ತು ತಿಣುಕಿದಳು, ಅದೂ ಬಂತು. ಎಷ್ಟೋ ಚಿತ್ರಕ್ಕೆ ಬರಲಿಲ್ಲ, ಅದು ನಿಜ. ಆದರೆ ಬುದ್ಧಿ ಇಲ್ಲದವಳಲ್ಲ ಅವಳು. ನಂದಿನಿ ಕಣ್ಣೊರೆಸಿಕೊಂಡು, ಹಳೆಯ ಕಾಗದ ಬದಲಾಯಿಸಿ ಬರೆಯುತ್ತೇನೆ, ಇನ್ನು ಮೇಲೆ ಹಗಲಿಗೇ ಬರುತ್ತೇನೆ ಅಂದಳು. ಅಂದಂತೆ ಬರುತ್ತಿದ್ದಾಳೆ. ಪಟ್ಟಿಗೆ ಸೇರಿಸಬೇಕಾದ್ದನ್ನೆಲ್ಲ ನಾನೂ ಆಫೀಸಿಗೆ ಬರೆದು ಕಳಿಸಿದ್ದೇನೆ, ಸೇರಿಸುತ್ತಾರೆ. ಬಸರೀಕಟ್ಟೆಯ ಆ ಸಂಜೆಗಳಲ್ಲಿ ತಿದ್ದಿ ಹಾಕಿದ್ದರಲ್ಲಿ ನನಗೀಗ ನೆನಪಿಲ್ಲದ್ದು ಎಷ್ಟಿದೆಯೋ, ಅದು ಹೋದದ್ದೇ.

ಗಿರಿಜಾ ಮಾತ್ರ ಅಮ್ಮನ ಕುರ್ಚಿಯ ಹತ್ತಿರ ಕುಕ್ಕರಿಸಿಬಿಟ್ಟಳು.

"ಎಂಟು ತಿಂಗ್ಳು ಅಕ್ಕೋರೆ. ಎಂಟು ತಿಂಗ್ಳು ನಾನು ಇವ್ಳ ಹತ್ರ ಒಂದು ಮಾತು ಆಡ್ಲಿಲ್ಲ. ಆಡಿ ಎಂತ ಮಾಡದು, ಅರ್ಥ ಆಗದಿಲ್ಲ ಅಂತ ಬರ್ದಿದಾರಲ್ಲ ಅಂತ. ಅನ್ನ ತಿನ್ಸದು, ಬಟ್ಟೆ ಬದ್ಲು ಮಾಡದು, ಒಂದು ಮಾತಿಲ್ಲ. ಇವ್ಳ ಎದುರಿಗೇ ಅಕ್ಕಪಕ್ಕದೋರ ಹತ್ರ 'ಬೇಗ ಹೋದ್ರೆ ಸಾಕು' ಅಂದಿದೀನಿ. ಎಲ್ಲ ಕೇಳ್ತಿದ್ಳು. ಎಲ್ಲ ಗೊತ್ತಾಗ್ತಿತ್ತು ಇವ್ಳಿಗೆ."

ಲಕ್ಕಮ್ಮ ಎಡಗೈಯಿಂದ ಮಗಳ ತಲೆ ಸವರುತ್ತಿದ್ದಳು.

ಅತ್ತು ಮುಗಿದ ಮೇಲೆ ಗಿರಿಜಾ ಮುಖ ಒರೆಸಿಕೊಂಡು ಕೇಳಿದಳು. "ಆ ಪಟ್ಟಿ ಮಾಡಿದ್ದು ಯಾರು ಅಕ್ಕೋರೆ? ನಮ್ಮೋರು ಹೇಳಿದ್ದನ್ನ ಹೇಳಿದಂಗೆ ಬರ್ಕಣಕ್ಕೆ ಏನಾಗಿತ್ತು ಅವ್ರಿಗೆ?"

ನಾನು ಇದೇ ಮನೆಯಲ್ಲಿ ಕೂತು ಬರೆದುಕೊಂಡದ್ದೇ ಆ ಪಟ್ಟಿಯಾಗಿದ್ದು ಎಂದು ಅವಳಿಗೆ ಹೊಳೆದಿರಲಿಲ್ಲ. ಅಂದು ನಕ್ಕಿದ್ದಷ್ಟೇ ನೆನಪಿತ್ತೋ ಏನೋ. ಹೇಳಬಹುದಿತ್ತು. ಮೇಡಂ ಕೇಳಿದಾಗ ಹೇಳದವಳಿಗೆ ಇನ್ನೊಂದು ಸಲ ಹೇಳುವ ಅವಕಾಶ ಬಂದಿತ್ತು.

"ಯಾರೋ ದೊಡ್ಡ ಊರಿನವರು" ಅಂದೆ. "ಅವರಿಗೆ ನಮ್ಮ ಕಡೆಯದು ಎಂತ ಗೊತ್ತಾಗ್ತದೆ ಹೇಳು."

ಲಕ್ಕಮ್ಮ ಮಗಳ ತಲೆಯಿಂದ ಕೈ ತೆಗೆದಳು. ಬಾಯಿ ಎಳೆದು ಏನೋ ಹೇಳಲು ನೋಡಿದಳು, ಬರಲಿಲ್ಲ. ಎಡಗೈ ಎತ್ತಿ ನನ್ನ ಕಡೆ ತೋರಿಸಿದಳು. ಹಾಗೇ ತೋರಿಸುತ್ತಲೇ ಇದ್ದಳು.

"ಹೌದಲ್ಲ, ನಾನೊಬ್ಳು" ಎಂದು ಗಿರಿಜಾ ಗಡಬಡಿಸಿ ಎದ್ದಳು. "ಅಕ್ಕೋರಿಗೆ ಕಾಫಿ ಕೊಡು ಅಂತಿದಾಳೆ."

ಒಳಗೆ ಹೋಗಿ ಕಾಫಿ ಮಾಡಿ ತಂದಳು. ನಾನು ಕುಡಿದು ಬಂದೆ.